ಆಂಥೂರಿಯಂ ಬುಡದ ಉಪ್ಪು

ಗುಲ್ವಾಡಿಯ ಹೊಳೆಬದಿಯ ಗಿರಿಜಾಳಿಗೆ ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಒಂದೇ, ಕೈಗುಣ. ಮನೆ ಗಂಡ ರಾಜೀವನದ್ದು, ಹೊಳೆಗೆ ತಾಗಿದ ಬೈಲು ಅವನದ್ದು, ಕುಂದಾಪುರ ಪೇಟೆಯ ಹೋಟೆಲೂ ಅವನದ್ದೇ. ಆದರೆ ಜಗಲಿಯುದ್ದಕ್ಕೂ ಸಾಲಾಗಿ ಕೂತಿದ್ದ ಆಂಥೂರಿಯಂ ಹೂಗಿಡದ ಚಟ್ಟಿಗಳನ್ನು ಕಂಡವರು ಯಾರೂ ಅದನ್ನು ರಾಜೀವನ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಅದು ಗಿರಿಜಕ್ಕನ ಕೈ ಎನ್ನುತ್ತಿದ್ದರು. ಒಣಗಿದ ಕಡ್ಡಿ ಕೊಟ್ಟರೂ ಚಿಗುರಿಸುವ ಕೈ. ಆ ಮಾತನ್ನು ಕೇಳಿದ ದಿನ ಅವಳು ಊಟಕ್ಕೆ ಕೂತಾಗ ಗಂಡನ ಎದುರು ಸ್ವಲ್ಪ ನೆಟ್ಟಗೆ ಕೂರುತ್ತಿದ್ದಳು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆಯ ಗಿಡದ ಹುಚ್ಚಿನ ಹೆಂಗಸರದ್ದೊಂದು ವಾಟ್ಸಾಪ್ ಗುಂಪಿದೆ. ತಿಂಗಳಿಗೆ ಒಬ್ಬಳ ಮನೆಯಲ್ಲಿ ಸೇರುವುದು, ಬಂದವರೆಲ್ಲ ಮನೆಯವಳ ಗಿಡದಿಂದ ಒಂದೊಂದು ಮರಿ ಕಿತ್ತುಕೊಂಡು ಹೋಗುವುದು ಪದ್ಧತಿ. ಯಾರ ಮನೆಯೆಂದು ನಿಶ್ಚಯಿಸುವವರು ಸಾಲಿಗ್ರಾಮದ ಗೋಮತಿ. ಅರ್ಚಕರ ಮನೆಯ ಆ ಹೆಂಗಸು ಗಿಡದ ವಿಷಯದಲ್ಲಿ ಆಡಿದ್ದು ಮೂರು ತಾಲೂಕಿಗೂ ತೀರ್ಪು. ಮುಂದಿನ ಸರದಿ ಗಿರಿಜಾಳದ್ದು ಎಂದು ಅವರು ಗುಂಪಿನಲ್ಲಿ ಹಾಕಿಯಾಗಿತ್ತು. ಮಳೆ ನಿಂತು ಚಳಿ ಬಿದ್ದ ಮೇಲೆ, ಒಂದು ಭಾನುವಾರ.

ಆ ಹೊತ್ತಿಗೇ ಚಟ್ಟಿಗಳ ಅಂಚಿನಲ್ಲಿ ಬಿಳಿ ಏರತೊಡಗಿತು.

ಮೊದಲು ಮಣ್ಣಿನ ಮೇಲೆ ಬೂದಿ ಉದುರಿಸಿದ ಹಾಗೆ. ಆಮೇಲೆ ಚಟ್ಟಿಯ ಹೊರಮೈಗೂ ಬಂತು, ಬೆವರು ಒಣಗಿದ ಅಂಗಿಯ ಬೆನ್ನಿನ ಹಾಗೆ ಪಟ್ಟೆಪಟ್ಟೆಯಾಗಿ. ಎಲೆಯ ತುದಿ ಕಂದಿ, ಅಂಚು ಸುಟ್ಟು, ಹೊಸ ಎಲೆ ಬಿಚ್ಚುವ ಮೊದಲೇ ಮುರುಟಿ ಹೋಯಿತು. ಗಿರಿಜಾ ಬಟ್ಟೆಯಲ್ಲಿ ಒರೆಸಿದಳು. ಎರಡು ದಿನದಲ್ಲಿ ಮತ್ತೆ ಬಂತು.

ಎದುರಿಗೆ, ಓಣಿಯ ಆಚೆ, ತಗ್ಗಿನಲ್ಲಿ ಐತ ಅವರ ಮನೆ. ಅವರ ಸೊಸೆ ವಿನಯಾ ಗೇರುಬೀಜದ ಕಾರ್ಖಾನೆಗೆ ಹೋಗುವವಳು. ಬಸ್ಸಿಗೆ ಓಡುವ ಮೊದಲು ಒಂದು ಚೊಂಬು, ಬಂದ ಮೇಲೆ ಒಂದು ಚೊಂಬು, ಅಷ್ಟೇ ಅವಳು ಗಿಡಕ್ಕೆ ಕೊಡುವ ಉಪಚಾರ. ಅವಳ ಗಿಡಗಳು ಕೂತದ್ದು ಪೇಂಟಿನ ಡಬ್ಬಗಳಲ್ಲಿ. ಆ ಡಬ್ಬಗಳಿಂದ ಎಲೆ ಹೊಳೆದು ಹೊಳೆದು ಹೊರಗೆ ಬಗ್ಗಿತ್ತು. ಅವಳಲ್ಲೂ ಒಂದು ಆಂಥೂರಿಯಂ ಇತ್ತು, ಗಿರಿಜಾಳೇ ಯಾವಾಗಲೋ ಬೇಡವೆಂದು ಕಿತ್ತು ಓಣಿಗೆ ಎಸೆದದ್ದು. ಅದು ಈಗ ಮೂರು ಕೆಂಪು ಹೂ ಎತ್ತಿ ನಿಂತಿತ್ತು.

ಗಿರಿಜಾಳ ಹೊಟ್ಟೆಯಲ್ಲಿ ಉರಿ ಎದ್ದದ್ದು ಅಲ್ಲಿಂದಲ್ಲ, ಅದಕ್ಕೂ ಮೊದಲು. ಗುಂಪು ಯಡ್ತರೆಯಲ್ಲಿ ಸೇರಿದಾಗ, ತೋರಿಸಲು ಒಯ್ಯುವ ಚಟ್ಟಿ ಹೊರಲಿಕ್ಕೆ ಒಬ್ಬರು ಬೇಕೆಂದು ವಿನಯಾಳನ್ನು ಅವಳೇ ಆಟೋದಲ್ಲಿ ಕೂರಿಸಿಕೊಂಡು ಹೋಗಿದ್ದಳು. ಖಾಲಿ ಕೈಯಲ್ಲಿ ಹೋಗುವುದು ಹೇಗೆಂದು ವಿನಯಾ ತನ್ನದೊಂದು ಜರಿಗಿಡದ ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಗೋಮತಿ ಎಲ್ಲರ ಚಟ್ಟಿ ದಾಟಿ ಆ ಡಬ್ಬದ ಎದುರು ಬಗ್ಗಿದರು. ಇದು ಯಾರದ್ದು ಎಂದು ಕೇಳಿ, ವಿನಯಾಳ ನಂಬರು ಕೇಳಿ, ಅಲ್ಲೇ ಗುಂಪಿಗೆ ಸೇರಿಸಿದರು. ವಾಪಸು ಬರುವಾಗ ಆಟೋದಲ್ಲಿ ಚಟ್ಟಿಗಳು ಗಿರಿಜಾಳ ಕಾಲ ಬಳಿ ಇದ್ದವು, ವಿನಯಾ ಫೋನು ನೋಡುತ್ತ ಕೂತಿದ್ದಳು.

ಅಂದಿನಿಂದ ವಿನಯಾ ಅವಳನ್ನು ಗಿರಿಜಕ್ಕ ಎನ್ನತೊಡಗಿದಳು. ವಿನಯಾಳ ಅತ್ತೆ ಬದುಕಿದ್ದಷ್ಟು ದಿನವೂ ಒಡ್ತಿ ಎನ್ನುತ್ತಿದ್ದರು, ಅಂಗಳದ ಕೆಳಗೆ ನಿಂತು. ಅಕ್ಕ ಎನ್ನುವುದು ಗೌರವದ ಮಾತೇ. ಆದರೆ ಆ ಮಾತಿನಲ್ಲಿ ಅಂಗಳದ ಮೆಟ್ಟಿಲು ಇರಲಿಲ್ಲ. ಅದು ಗಿರಿಜಾಳಿಗೆ ಚುಚ್ಚುತ್ತಿತ್ತು.

ಗಿಡ ಬಾಡಿದಷ್ಟೂ ಅವಳು ಉಪಚಾರ ಹೆಚ್ಚಿಸಿದಳು. ಕರಾವಳಿಯ ಮನೆಯಲ್ಲಿ ಮೀನು ತೊಳೆದ ನೀರನ್ನು ಯಾರೂ ಚೆಲ್ಲುವುದಿಲ್ಲ, ಅದು ಗಿಡದ ಪಾಲು. ಬಂಗುಡೆಯ ಲೋಳೆ ಹೋಗಲು ಕಲ್ಲುಪ್ಪು ಹಾಕಿ ತಿಕ್ಕಿ ತೊಳೆದ ಆ ನೀರನ್ನು ಅವಳು ದಿನಾ ಎರೆದಳು. ತೆಂಗಿನ ಬುಡಕ್ಕೆ ಉಪ್ಪು ಹಾಕಿ ಬೆಳೆದ ಊರಿನವಳಿಗೆ ಚಟ್ಟಿಯ ಗಿಡಕ್ಕೆ ಉಪ್ಪು ವಿಷವೆಂದು ಹೊಳೆಯುವುದಾದರೂ ಹೇಗೆ? ಪೇಟೆಯಿಂದ ಗೊಬ್ಬರದ ಹರಳು ತಂದು ಮೇಲಿಂದ ಉದುರಿಸಿದಳು. ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ತಂಪೆಂದು ಹಾಗೇ ಬಿಟ್ಟಳು. ಬಿಳಿ ಇನ್ನೂ ದಪ್ಪವಾಯಿತು.

ಕೊನೆಗೆ ಅವಳಿಗೆ ತಿಳಿದ ಕಾರಣ ಒಂದೇ ಉಳಿಯಿತು. ದೃಷ್ಟಿ. ಒಂದು ಮುಷ್ಟಿ ಉಪ್ಪು, ಒಣಮೆಣಸು ಹಿಡಿದು ಪ್ರತಿ ಚಟ್ಟಿಗೂ ನಿವಾಳಿಸಿ ಇಳಿಸಿದಳು. ಹಿಂದೆ ಅದನ್ನು ಒಲೆಗೆ ಹಾಕುತ್ತಿದ್ದರು. ಈಗ ಗ್ಯಾಸು. ಮೆಣಸನ್ನು ಗ್ಯಾಸಿನ ಉರಿಗೆ ಹಿಡಿದು ಕೆಮ್ಮಿದಳು, ಉಪ್ಪನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಚಟ್ಟಿಯ ಕೆಳಗಿನ ತಟ್ಟೆಗೇ ಸುರಿದಳು. ಗಿಡ ತನ್ನ ಬೇರಿನಿಂದ ಆ ದೃಷ್ಟಿಯನ್ನು ಕುಡಿಯಿತು.

ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟ ವಿನಯಾಳನ್ನು ಅವಳು ಜಗಲಿಯಿಂದಲೇ ತಡೆದಳು.

"ಎಂತದೆ ವಿನಯಾ, ಹೋಪತಿಗೆ ಬಪ್ಪತಿಗೆ ನಮ್ ಜಗ್ಲಿ ಮೇಲೇ ಕಣ್ಣಾ ನಿಂದ್?"

"ಕಣ್ಣ್ ಹಾಕುಕೆ ಎಂತ ಉಳ್ದಿತ್ತ್ ಗಿರಿಜಕ್ಕಾ," ಎಂದಳು ವಿನಯಾ ನಿಲ್ಲದೆ. "ಎಲೆ ಎಲ್ಲ ಕರ್ಟಿ ಹೋಯ್ತಲೆ."

ಅಂದು ಮಧ್ಯಾಹ್ನವೇ ಗಿರಿಜಾ ಒಂದು ಚಟ್ಟಿಯನ್ನು ಹಳೆ ಸೀರೆಯಲ್ಲಿ ಸುತ್ತಿ, ಊರಿನವರು ಕಾಣದ ಹಾಗೆ ಬ್ರಹ್ಮಾವರದ ಬಸ್ಸು ಹತ್ತಿದಳು. ಹೆದ್ದಾರಿ ಬದಿಯಲ್ಲಿ ನರ್ಸರಿ ಇಟ್ಟ ಚೆನ್ನಯ್ಯ ಅವಳಿಗೆ ಹಳೆಯ ಪರಿಚಯ. ಅವನು ಸೀರೆ ಬಿಚ್ಚಿ, ಅಂಚಿನ ಬಿಳಿಯನ್ನು ಉಗುರಿನಿಂದ ಕೆರೆದು, ನಾಲಗೆಗೆ ತಾಗಿಸಿ ಉಗಿದ. ಯಾವ ಮದ್ದು ಹೊಡೆಯಬೇಕೆಂದು ಅವಳು ಕೇಳಿದಳು.

"ಇದ್ ರೋಗ ಅಲ್ಲ ಅಮ್ಮಾ, ಉಪ್ಪ್. ನೀರೇ ಮದ್ದ್ ಇದ್ಕೆ. ಆರೆ ಉಪ್ಪಿಲ್ಲದ್ದ್ ನೀರ್ ಆಯ್ಕ್."

ನೀರು ಆರಿ ಹೋಗುತ್ತದೆ, ಅದರೊಳಗಿದ್ದ ಉಪ್ಪು ಎಲ್ಲಿಗೂ ಹೋಗುವುದಿಲ್ಲ ಎಂದ ಅವನು. ಗೊಬ್ಬರವೂ ಒಂದು ಜಾತಿಯ ಉಪ್ಪೇ. ತಟ್ಟೆಯಲ್ಲಿ ಇಳಿದದ್ದು ಮತ್ತೆ ಬೇರಿಗೆ ಏರುತ್ತದೆ. ಮೇಲಿನ ಬಿಳಿ ಪದರವನ್ನು ತೆಳ್ಳಗೆ ಕೆರೆದು ತೆಗೆಯಬೇಕು, ತಟ್ಟೆ ಕಿತ್ತು ಹಾಕಬೇಕು, ಒಳ್ಳೆಯ ನೀರನ್ನು ನಿಧಾನವಾಗಿ, ಚಟ್ಟಿ ಹಿಡಿಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಎರೆದು ಕೆಳಗಿನ ತೂತಿನಿಂದ ಪೂರ್ತಿ ಹರಿದು ಹೋಗಲು ಬಿಡಬೇಕು. ಸ್ವಲ್ಪ ದಿನ ಬಿಟ್ಟು ಮತ್ತೆ. ಬೇರು ಕೊಳೆತದ್ದಿದ್ದರೆ ಮಣ್ಣು ಬದಲಿಸಿ, ಚಟ್ಟಿಯನ್ನು ನೆನೆಹಾಕಿ ನಾರಿನಿಂದ ತಿಕ್ಕಬೇಕು. ಗೊಬ್ಬರ ಈಗ ಬೇಡ, ಮುಂದೆ ಕೊಟ್ಟರೂ ಹೇಳಿದ್ದರ ಅರ್ಧ, ಅದೂ ಒದ್ದೆ ಮಣ್ಣಿಗೆ. ಮೀನಿನ ನೀರಿನ ಸಂಗತಿ ಕೇಳಿ ಅವನು ನಕ್ಕ. ಆದರೆ ಇಷ್ಟು ಬಿಳಿ ಬರೀ ಮೀನಿನ ನೀರಿನಿಂದ ಬರುವುದಿಲ್ಲ, ಮನೆಯ ನೀರು ಯಾವುದು ಎಂದು ಕೇಳಿದ.

ಬಾವಿಯದ್ದು, ಸಿಹಿನೀರು ಎಂದಳು ಗಿರಿಜಾ. ಅವನು ಚಟ್ಟಿಗೆ ಮತ್ತೆ ಸೀರೆ ಸುತ್ತಿ ಕೊಟ್ಟ.

ಮನೆಗೆ ಬಂದವಳು ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತಳು. ಸಾಬೂನು ನೊರೆ ಬಾರದೆ ಎಷ್ಟು ದಿನವಾಗಿತ್ತು? ಸಾಬೂನಿನ ಕಂಪನಿಯನ್ನು ಬೈದಿದ್ದಳು. ಅಡುಗೆಮನೆಯಲ್ಲಿ ಫಿಲ್ಟರ್ ಬಂದ ಮೇಲೆ ಆ ಮನೆಯಲ್ಲಿ ಯಾರೂ ಬಾವಿಯ ನೀರನ್ನು ಬಾವಿಯ ನೀರಾಗಿ ಕುಡಿದೇ ಇರಲಿಲ್ಲ. ಅವಳು ಕೊಡಪಾನ ಇಳಿಸಿ ಸೇದಿ, ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿದಳು.

ಉಪ್ಪು.

ಅವಳಿಗೆ ತಟ್ಟನೆ ನೆನಪಾದದ್ದು ನೀರು ಕೇಳಿಕೊಂಡು ಬಂದಿದ್ದ ದಿನದ ಐತ ಅವರ ಮುಖ. ಬೈಲಿನ ಗದ್ದೆಯನ್ನು ಅಗೆಸಿ ರಾಜೀವ ಸಿಗಡಿ ಸಾಕುವ ಕೆರೆಗೆ ಕೊಟ್ಟ ವರ್ಷ ಅದು. ಹೊರಗಿನ ಯಾರೋ ಕಂಪನಿಯವರು, ಉಬ್ಬರದ ಉಪ್ಪು ಹೊಳೆನೀರನ್ನು ಪಂಪಿನಲ್ಲಿ ಎಳೆದು ಕೆರೆ ತುಂಬಿಸುತ್ತಿದ್ದರು. ಮೊದಲ ಬೇಸಿಗೆಗೇ ಐತ ಅವರ ತಗ್ಗಿನ ಬಾವಿ ಕೆಟ್ಟಿತು. ಕುಡಿಯಲು ಒಂದು ಕೊಡ ನೀರು ಸೇದಿಕೊಳ್ಳುತ್ತೇವೆಂದು ಅವರು ಕೇಳಿಕೊಂಡು ಬಂದಾಗ, ಹಗ್ಗ ಮುಟ್ಟುವುದು ಬೇಡ, ಪಂಪು ಓಡಿಸಿದ ದಿನ ಕರೆದು ಕೊಡಕ್ಕೆ ನೀರು ಬಿಡುತ್ತೇನೆ ಎಂದವಳು ಗಿರಿಜಾಳೇ. ಆ ದಿನ ಬರಲಿಲ್ಲ. ಕಾನೂನು ಎಲ್ಲಿ ಬದಲಾದರೂ ಬಾವಿಕಟ್ಟೆಯ ಮೇಲೆ ಬದಲಾಗುವುದು ಕೊನೆಗೆ. ಐತ ಮತ್ತೆ ಕೇಳಲಿಲ್ಲ. ಹೆಂಚಿನ ಮಾಡಿನ ಅಂಚಿಗೆ ನೀರು ಹರಿಯುವ ತಗಡಿನ ದೋಣಿ ಕಟ್ಟಿ, ಮುಚ್ಚಳವಿರುವ ನೀಲಿ ಡ್ರಮ್ಮುಗಳನ್ನು ಸಾಲಾಗಿ ಇಟ್ಟು ಮಳೆನೀರು ಹಿಡಿದರು. ಕುಡಿಯಲು ಪಂಚಾಯತಿನ ನಳ್ಳಿ, ದಿನ ಬಿಟ್ಟು ದಿನ, ನಾಲ್ಕು ಕೊಡ. ಪಾತ್ರೆಗೆ, ಗಿಡಕ್ಕೆ ಡ್ರಮ್ಮಿನ ನೀರು. ತಮಗೆ ಬಾವಿ ಇದೆಯೆಂಬ ಜಂಬದಲ್ಲಿ ರಾಜೀವ ಆ ನಳ್ಳಿಯನ್ನೂ ಹಾಕಿಸಿಕೊಂಡಿರಲಿಲ್ಲ.

ವಿನಯಾ ಗ್ರಾಮಸಭೆಯಲ್ಲಿ ಎದ್ದು ಕೆರೆಯಿಂದ ಬಾವಿ ಕೆಟ್ಟಿತೆಂದು ಹೇಳಿದ್ದಳು. ರಾಜೀವ ಕೂತಲ್ಲಿಂದಲೇ ಉತ್ತರ ಕೊಟ್ಟಿದ್ದ. ಅವರದ್ದು ಹೊಟ್ಟೆಕಿಚ್ಚು, ಕೆರೆಗೆ ಹತ್ತಿರ ಇರುವುದು ತನ್ನ ಬಾವಿಯೇ, ಅದರ ನೀರು ಸಕ್ಕರೆಯ ಹಾಗಿದೆ. ಸಭೆ ನಕ್ಕಿತ್ತು. ಉಳ್ಳವನ ಆಸೆಗೆ ಅಭಿವೃದ್ಧಿ ಎಂದು ಹೆಸರು, ಇಲ್ಲದವಳ ದೂರಿಗೆ ಹೊಟ್ಟೆಕಿಚ್ಚು ಎಂದು ಹೆಸರು. ಗಿರಿಜಾಳೂ ಮನೆಯಲ್ಲಿ ಅದನ್ನೇ ಹೇಳಿ ನಕ್ಕಿದ್ದಳು.

ಊಟಕ್ಕೆ ಬಡಿಸುವಾಗ ಅವಳು ಬಾವಿಯ ಸಂಗತಿ ತೆಗೆದಳು. ರಾಜೀವನಿಗೆ ಗೊತ್ತಿತ್ತು. ಫಿಲ್ಟರಿನವನು ಅವನಿಗೆ ಮೊದಲೇ ಹೇಳಿದ್ದ. ಬರುವ ಗ್ರಾಮಸಭೆಯಲ್ಲಿ ಕೆರೆಯ ಮಾತು ಮತ್ತೆ ಬರುತ್ತದೆ, ಕರಾರು ಮುಂದುವರಿಯಬೇಕು, ಅಲ್ಲಿಯವರೆಗೆ ಬಾವಿಯ ಸುದ್ದಿ ಹೊಸಿಲು ದಾಟಬಾರದು ಎಂದ. ಗಿಡ ಸಾಯುತ್ತಿದೆ ಎಂದಳು ಅವಳು.

"ಗಿಡ ಸತ್ರೆ ಬೇರೆ ತಂದ್ ಹಾಕುವ," ಎಂದು ಅವನು ಮೀನಿನ ಮುಳ್ಳು ಬದಿಗಿಟ್ಟ. "ಬಾಯಿ ಮುಚ್ಕಂಡ್ ಕೂಕೋ."

ಫಿಲ್ಟರಿನ ನೀರನ್ನೇ ಎರೆಯಲು ನೋಡಿದಳು. ಒಂದು ಚಟ್ಟಿಗೆ ಆಗುವಷ್ಟು ತುಂಬುವುದರೊಳಗೆ ಸಂಜೆಯಾಯಿತು, ಯಂತ್ರದ ಕೆಂಪು ದೀಪ ಹೊತ್ತಿಕೊಂಡಿತು. ಗೋಮತಿಯ ಭಾನುವಾರ ಹತ್ತಿರ ಬರುತ್ತಿತ್ತು. ಜಗಲಿಯಲ್ಲಿ ನಿಂತರೆ ಕಾಣುವುದು ಎದುರಿನ ಮಾಡಿನ ಕೆಳಗಿನ ನೀಲಿ ಡ್ರಮ್ಮುಗಳು. ಅವಳ ಉರಿಗೆ ಈಗ ಬುಡ ಸಿಕ್ಕಿತ್ತು. ವಿನಯಾಳ ಕೈಯೂ ಅಲ್ಲ, ಕಣ್ಣೂ ಅಲ್ಲ, ಆ ನೀರು. ತನ್ನ ಬಾವಿಯಿಂದ ಅವರನ್ನು ಓಡಿಸಿದ್ದರಿಂದಲೇ ಅವರ ಗಿಡ ಉಳಿದಿತ್ತು. ಇದು ತಿಳಿದ ಮೇಲೆ ಉರಿ ತಣಿಯಬೇಕಿತ್ತು. ತಣಿಯಲಿಲ್ಲ, ಇಮ್ಮಡಿಯಾಯಿತು.

ಸಂಜೆ ಅವಳು ಓಣಿ ದಾಟಿ ತಗ್ಗಿಗೆ ಇಳಿದಳು. ಮದುವೆಯಾಗಿ ಬಂದ ಮೇಲೆ ಆ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಬುಟ್ಟಿ ಹೆಣೆಯುತ್ತ ಕೂತಿದ್ದ ಐತ ಅಭ್ಯಾಸಬಲದಿಂದ ಎದ್ದು ನಿಂತರು.

"ಕೂಕಣಿ ಮಾವಾ," ಎಂದಳು ವಿನಯಾ. ಐತ ಕೂತರು.

ಸ್ವಲ್ಪ ಮಳೆನೀರು ಬೇಕಿತ್ತು ಎಂದಳು ಗಿರಿಜಾ. ಬಾವಿಗೆ ಏನಾಯಿತೆಂದು ವಿನಯಾ ಕೇಳಿದಳು. ಪಂಪು ಹಾಳಾಗಿದೆ ಎಂಬ ಸುಳ್ಳು ಗಿರಿಜಾಳ ಬಾಯಿಯಿಂದ ತಾನಾಗಿ ಬಂತು.

"ಹಂಗಾರೆ ಹಗ್ಗ ಹಾಕಿ ಸೇದ್ಲಕ್ಕಲೆ."

ಐತ ಬುಟ್ಟಿಯ ಬಿಳಲನ್ನು ಎಳೆದು ಬಿಗಿಮಾಡಿದರು. ವಿನಯಾ ಡ್ರಮ್ಮುಗಳ ಕಡೆ ತಿರುಗಿದಳು.

"ನೀರ್ ಕೊಡ್ತೆ. ಹೊತ್ಕಂಡ್ ಬಂದ್ ನಿಮ್ ಜಗ್ಲಿ ಕೆಳಗ್ ನಿಂತ್ ಎರೂದ್ ಮಾತ್ರ ಆತಿಲ್ಲೆ. ಗಿಡ ಇಲ್ಲಿಗ್ ತಕಂಡ್ ಬನಿ."

ಹಾಗೆ ಆಂಥೂರಿಯಂ ಚಟ್ಟಿಗಳು ಓಣಿ ದಾಟಿದವು. ಉಪ್ಪಿಳಿದ ನೀರು ತನ್ನ ಬಸಳೆಯ ಬುಡಕ್ಕೆ ಹೋಗಬಾರದೆಂದು ವಿನಯಾ ಅವನ್ನು ಓಣಿಯ ಬದಿಯ ಕೆಂಪು ಮುರಕಲ್ಲಿನ ಮೇಲೆ ಇಡಿಸಿದಳು, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ. ಗಿರಿಜಾ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ಚಮಚದಿಂದ ಬಿಳಿ ಕೆರೆದಳು. ಚೊಂಬಿನಿಂದ ನಿಧಾನವಾಗಿ ಎರೆದಳು. ತೂತಿನಿಂದ ಮೊದಲು ಚಹಾದ ಬಣ್ಣದ ನೀರು ಇಳಿಯಿತು, ಆಮೇಲೆ ತೆಳು ಹಳದಿ, ಆಮೇಲೆ ತಿಳಿ. ಇಳಿದದ್ದಕ್ಕೆ ಬೆರಳು ಅದ್ದಿ ನಾಲಗೆಗೆ ಇಟ್ಟು ನೋಡುತ್ತಿದ್ದಳು. ಎರಡು ಚಟ್ಟಿಯ ಬೇರು ಕೊಳೆತಿತ್ತು, ಅವನ್ನು ಹೊಸ ಮಣ್ಣಿಗೆ ಹಾಕಿದಳು. ಬಿಡುವು ಕೊಟ್ಟು ಮತ್ತೆ ಎರೆದಳು. ಡ್ರಮ್ಮಿನ ನೀರು ಕೆಳಗಿಳಿದದ್ದನ್ನು ಐತ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು. ಅದು ಮುಂದಿನ ಮಳೆಯವರೆಗೆ ಬರಬೇಕಾದ ನೀರು.

ಕೃತಜ್ಞತೆ ಹುಟ್ಟಬೇಕಾದ ಜಾಗದಲ್ಲಿ ಗಿರಿಜಾಳಿಗೆ ಹುಟ್ಟಿದ್ದು ಬೇರೆ. ಒಂದು ದಿನ ವಿನಯಾ ಬಸ್ಸಿಗೆ ಹೋದ ಮೇಲೆ, ಕೈಗೆ ಎಟಕುವಲ್ಲಿದ್ದ ಜರಿಗಿಡದ ಸುರುಳಿ ಚಿಗುರೊಂದನ್ನು ಅವಳು ಎರಡು ಬೆರಳ ನಡುವೆ ಹಿಡಿದು ಮುರಿದು ಹಾಕಿದಳು. ಯಾಕೆ ಮಾಡಿದೆನೆಂದು ಅವಳಿಗೆ ತಿಳಿದಿತ್ತು, ಒಪ್ಪಿಕೊಳ್ಳಲಿಲ್ಲ. ಮರುದಿನ ಆ ಡಬ್ಬ ಮಾಡಿನ ಕೊಕ್ಕೆಗೆ ಏರಿತ್ತು. ವಿನಯಾ ಆ ಬಗ್ಗೆ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಗಿರಿಜಾಳಿಗೆ ಸುಲಭವಾಗುತ್ತಿತ್ತು.

ಸುಟ್ಟ ಎಲೆ ಹಸಿರಾಗಲಿಲ್ಲ, ಆಗುವುದೂ ಇಲ್ಲ. ಆದರೆ ನಡುವಿನಿಂದ ತಿಳಿಗೆಂಪು ಚಿಗುರು ಬಂತು, ಮುರುಟದೆ ಬಿಚ್ಚಿತು. ಭಾನುವಾರದ ಹೊತ್ತಿಗೆ ಸುಧಾರಿಸಿದ ಚಟ್ಟಿಗಳು ತಟ್ಟೆಯಿಲ್ಲದೆ ಜಗಲಿಗೆ ಮರಳಿದ್ದವು. ಉಳಿದವು ಇನ್ನೂ ಮುರಕಲ್ಲಿನ ಮೇಲೆ ನೀರಿಳಿಸುತ್ತಿದ್ದವು.

ಗೋಮತಿ ಸೊಸೆ ಶ್ರೀವಾಣಿಯನ್ನು ಕರೆದುಕೊಂಡು ಬಂದರು. ಯಡ್ತರೆಯವರು, ಕೊಕ್ಕರ್ಣೆಯವರು ಬಂದರು. ವಿನಯಾ ಬಂದು ಜಗಲಿಯ ಕೆಳಗಿನ ಮೆಟ್ಟಿಲ ಬಳಿ ನಿಂತಳು, ಮೇಲೆ ಬಾ ಎಂದು ಯಾರೂ ಹೇಳಲಿಲ್ಲ. ರಾಜೀವ ಇಸ್ತ್ರಿಯ ಅಂಗಿ ಹಾಕಿ ಹೆಂಗಸರ ನಡುವೆ ಕುರ್ಚಿ ಎಳೆದುಕೊಂಡು ಕೂತ. ಗ್ರಾಮಸಭೆಗೆ ಮೂರೇ ದಿನ ಉಳಿದಿತ್ತು, ನಾಲ್ಕು ಜನ ಒಳ್ಳೆಯ ಮಾತಾಡುವುದು ಅವನಿಗೆ ಬೇಕಿತ್ತು.

ಗೋಮತಿಯ ಕಣ್ಣು ಸುಟ್ಟ ಎಲೆಗೇ ಹೋಯಿತು. ಅಂಚಿಗೆ ಬೆರಳು ಸವರಿದರು. ಉಪ್ಪೇರಿದ್ದ ಗಿಡ, ಇದು ಹೇಗೆ ಬದುಕಿತು, ನಿಮ್ಮ ನೀರು ಹೇಗಿದೆ ಎಂದು ಕೇಳಿದರು. ಗಿರಿಜಾ ಬಾಯಿ ತೆರೆಯುವ ಮೊದಲೇ ರಾಜೀವ ನಗುತ್ತ ನಡುವೆ ಬಂದ.

"ನೀರ್ ಫಸ್ಟ್ ಕ್ಲಾಸ್ ಇತ್ತ್ ಅಮ್ಮಾ. ಇವ್ಳೇ ಗೊಬ್ರ ಸುರ್ದ್ ಹಾಳ್ ಮಾಡಿದ್ಲ್. ಆಚಿ ಮನಿ ವಿನಯ ಬದ್ಕ್ಸ್ ಕೊಟ್ಲ್. ಕೈಗುಣ ಅಂದ್ರೆ ಅದ್ ಕಾಣಿ, ಹುಟ್ಟುವತಿಗೇ ಬರ್ಕ್."

ಹೆಂಗಸರೆಲ್ಲ ತಿರುಗಿ ಮೆಟ್ಟಿಲ ಬಳಿಯವಳನ್ನು ನೋಡಿದರು. ಹಾಗಾದರೆ ಮುಂದಿನ ತಿಂಗಳು ವಿನಯಾಳ ಮನೆಯಲ್ಲೇ ಸೇರುವ, ಮರಿಯನ್ನೂ ಅಲ್ಲೇ ಒಯ್ಯುವ ಎಂದರು ಗೋಮತಿ. ಶ್ರೀವಾಣಿ ಆಗಲೇ ಫೋನು ತೆಗೆದಿದ್ದಳು.

ಗಿರಿಜಾ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಗಂಡ ಮನೆಯನ್ನು ತನ್ನದೆಂದ, ಗದ್ದೆಯನ್ನು ತನ್ನದೆಂದ, ಕೇಳದೆ ಅದನ್ನು ಕೆರೆ ಮಾಡಿದ. ಅಷ್ಟನ್ನೂ ಅವಳು ಬಡಿಸುತ್ತ ಕೇಳಿದ್ದಳು. ಆದರೆ ಈಗ ಅವನು ಎತ್ತಿ ಎದುರಿನ ಮನೆಗೆ ಕೊಟ್ಟದ್ದು ಅವಳ ಕೈಯನ್ನು. ಅದೂ ವಿನಯಾಳಿಗೆ. ಆ ಒಬ್ಬಳಿಗೆ.

ಅವಳು ಹಿತ್ತಿಲಿಗೆ ಹೋದಳು. ರಾಟೆಯ ಸದ್ದು ಜಗಲಿಗೆ ಕೇಳಿತು. ತುಂಬಿದ ಕೊಡಪಾನವನ್ನು ಸೊಂಟದಲ್ಲಿಟ್ಟು ಬಂದು, ಲೋಟಗಳಿಗೆ ಎರೆದು, ಒಬ್ಬೊಬ್ಬರ ಕೈಗೂ ಕೊಟ್ಟಳು. ರಾಜೀವ ಅವಳ ಹೆಸರು ಹಿಡಿದು ಕರೆದ. ಎರಡನೆಯ ಸಲ ಜೋರಾಗಿ ಕರೆದ.

ಗೋಮತಿ ಬಾಯಲ್ಲಿ ಹಿಡಿದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತರು.

"ಕೈಗುಣ ಎಂತದೂ ಇಲ್ಲೆ," ಎಂದಳು ಗಿರಿಜಾ. "ನಂಗೂ ಇಲ್ಲೆ, ಅವ್ಳಿಗೂ ಇಲ್ಲೆ. ಬರೀ ನೀರ್. ನಮ್ ಬಾಮಿ ಉಪ್ಪಾಯ್ತ್. ಸಿಗ್ಡಿ ಕೆರೆ ನೀರ್ ಬಂದ್ ಉಪ್ಪಾಯ್ತ್. ಇವ್ರಿಗೆ ಗೊತ್ತಿತ್ತ್. ಅವ್ಳ್ ಗಿಡ ಬದ್ಕದ್ದ್ ಅವ್ಳಿಂದ ಅಲ್ಲ, ನಾವ್ ಅವ್ಳಿಗ್ ಬಾಮಿ ಮುಟ್ಟುಕ್ ಬಿಡದಿದ್ದಕ್ಕೆ."

ಕೊಕ್ಕರ್ಣೆಯವಳು ಲೋಟವನ್ನು ಮೂಗಿನ ಹತ್ತಿರ ಹಿಡಿದು, ಮತ್ತೊಂದು ಗುಟುಕು ಕುಡಿದು, ಮುಖ ಹಿಂಡಿದಳು. ಯಡ್ತರೆಯವಳು ಅಂಗಳಕ್ಕೆ ಉಗಿದು ಬಂದಳು. ಶ್ರೀವಾಣಿಯ ಫೋನು ಎತ್ತಿದ್ದು ಎತ್ತಿದ ಹಾಗೇ ಇತ್ತು. ರಾಜೀವ ಕುರ್ಚಿಯಿಂದ ಎದ್ದ, ಹೆಂಗಸರಿಗೆ ಹೊಟ್ಟೆಕಿಚ್ಚು ಬಂದರೆ ಹೀಗೇ ಎಂದು ನಗಲು ನೋಡಿದ. ಈ ಸಲ ಯಾರೂ ನಗಲಿಲ್ಲ. ಅವನು ಒಳಗೆ ಹೋಗಿ ಯಾರಿಗೋ ಫೋನು ಹಚ್ಚಿದ್ದು ಕೇಳಿತು.

ವಿನಯಾ ಮೆಟ್ಟಿಲು ಹತ್ತಿ ಮೇಲೆ ಬಂದಳು. ಯಾರೂ ಕರೆದಿರಲಿಲ್ಲ. ಕೊಡಪಾನದಲ್ಲಿ ಉಳಿದ ನೀರಿಗೆ ಬೆರಳು ಅದ್ದಿ ನಾಲಗೆಗೆ ಇಟ್ಟಳು.

"ಸಭೆಯಗೂ ಇದನ್ನೇ ಹೇಳ್ತ್ರಿಯಾ ಗಿರಿಜಕ್ಕಾ? ಅಲ್ಲಾ, ನಾನೇ ಹೇಳ್ಕಾ? ಈಗ ಇಷ್ಟ್ ಜನ ಸಾಕ್ಷಿ ಇದ್ರಲೆ, ನಾ ಎದ್ದ್ ಹೇಳ್ರೆ ಕೇಂತ್ರ್."

ಎಲ್ಲರೂ ಅವಳ ಮಾತು ಕೇಳುವರು ಎನ್ನುವುದು ಗಿರಿಜಾಳ ಕಿವಿಗೆ ಬಿದ್ದದ್ದೇ ತಡ, ತಣಿಯುತ್ತಿದ್ದದ್ದು ಮತ್ತೆ ಹೊತ್ತಿಕೊಂಡಿತು.

"ನೀ ಎಂತಕೆ ಹೇಳೂದ್," ಎಂದಳು. "ನನ್ನ್ ಬಾಮಿ. ನಾ ಹೇಳ್ತೆ. ನೀ ನನ್ನ್ ಹಿಂದ್ ನಿಂತ್ಕೋ."

"ಹಿಂದ್ ನಿಲ್ಲುದಿಲ್ಲೆ," ಎಂದಳು ವಿನಯಾ. "ಬದಿಯಗೆ ನಿಲ್ತೆ."